ಹಾಲಿಗಿರೋ ಸ್ಯಾಂಪಲ್ ಬಾಟ್ಲಿ ನಮ್ಮವ್ವನ ಕಾಲಿಗೆ ಯಾಕಿರ್ಲಿಲ್ಲ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಇಲಾಖೆ ಆಯುಕ್ತರಿಗೆ, ಜೊತೆಗೆ ತಾಲೂಕು ತಾಲೂಕಲ್ಲೂ ಬೋರ್ಡ್ ಹಾಕ್ಕೊಂಡು ಕೂತಿರೋ ಎಲ್ಲ ಡಾಕ್ಟ್ರಿಗೂ,

ನಮಸ್ಕಾರ. ನಾನು ತುಮಕೂರು ಜಿಲ್ಲೆ ಒಂದು ಹಳ್ಳಿಯ ಹಾಲಿನ ಡೇರಿ ಸೆಕ್ರೆಟರಿ. ಪತ್ರ ಬರೆದು ಅಭ್ಯಾಸ ಇಲ್ಲ, ಮೇಲೆ ಕೆಳಗೆ ಆದ್ರೆ ಕ್ಷಮಿಸಿ. ದಿನಾ ಬೆಳಗ್ಗೆ ಐದೂವರೆಗೆ, ಸಾಯಂಕಾಲ ಮತ್ತೆ ಐದೂವರೆಗೆ ಜನ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಲ್ತಾರೆ, ನಾನು ಒಬ್ಬೊಬ್ಬರ ಹಾಲಿಂದ್ಲೂ ಒಂದು ಚಿಕ್ಕ ಬಾಟ್ಲಿಗೆ ಸ್ಯಾಂಪಲ್ ತೆಗೀತೀನಿ, ಬಾಟ್ಲಿ ಮೇಲೆ ಅವರ ನಂಬರ್ ಇರುತ್ತೆ, ಫ್ಯಾಟ್ ಎಷ್ಟು, ಫ್ಯಾಟ್ ಬಿಟ್ಟು ಉಳಿದ ಘನಾಂಶ ಅಂದ್ರೆ ಎಸ್‌ಎನ್‌ಎಫ್ ಎಷ್ಟು ನೋಡಿ ಚೀಟಿ ಕೊಡ್ತೀನಿ. ಅರ್ಧ ಲೀಟರ್ ತರೋ ಅಜ್ಜಿ ಹಾಲಿಗೂ ಅದೇ ರೂಲ್ಸು. ಹದಿನೆಂಟು ವರ್ಷ ಆಯ್ತು ಈ ಕೆಲಸಕ್ಕೆ ಬಂದು, ನೀರು ಬೆರ್ಸಿದಾರಾ ಇಲ್ವಾ ಅಂತ ಸುರಿಯೋವಾಗ್ಲೇ ಕಣ್ಣಲ್ಲಿ ಹೇಳಬಲ್ಲೆ, ಆದ್ರೂ ಬಾಟ್ಲಿ ತೆಗೀದೆ ರಿಜಿಸ್ಟರಲ್ಲಿ ಬರ್ಕೊಳ್ಳೋ ಹಾಗಿಲ್ಲ. ಬರ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ.

ಇದನ್ನ ಯಾಕೆ ಹೇಳ್ದೆ ಅಂದ್ರೆ ನಮ್ಮವ್ವನ ಕಾಲಿಂದ ಎರಡು ಸಲ ಮಾಂಸ ಕೆತ್ತಿ ತೆಗೆದ್ರು, ಎರಡು ಸಲಾನೂ ಲ್ಯಾಬ್‌ಗೆ ಕಳಿಸೋಕೆ ಅಂತ ಒಂದೇ ಒಂದು ಬಾಟ್ಲಿಗೂ ಹಾಕ್ಲಿಲ್ಲ. ಅದು ಚರ್ಮದ ಕ್ಯಾನ್ಸರ್ ಅಂತ ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು.

2021ರ ರಾಗಿ ಕಟಾವು ಟೈಮಲ್ಲಿ ಅವ್ವ ಬಲಗಾಲ ಹಿಮ್ಮಡಿ ಪಕ್ಕ ಏನೋ ಒತ್ತುತ್ತೆ ಅಂದ್ಲು. ಅವಳಿಗೆ ಆಗ 57. ಕೊಟ್ಟಿಗೇಲಿ ಹೊಲದಲ್ಲಿ ಬರಿಗಾಲು, ಚಪ್ಪಲಿ ಸಂತೆಗೆ ಮದುವೆಗೆ ಮಾತ್ರ. ನಮ್ಮ ಕಡೆ ಜಾಲಿ ಮುಳ್ಳು ಜಾಸ್ತಿ, ಮುಳ್ಳು ಮುರ್ಕೊಂಡು ಒಳಗೇ ಉಳ್ಕೊಂಡು ಕಪ್ಪಾಗಿದೆ ಅಂತ ನಾವೇ ಅಂದ್ಕೊಂಡ್ವಿ, ನನ್ನ ಹೆಂಡತಿ ಸೂಜಿ ಹಾಕಿ ಕೆದಕಿ ನೋಡಿದ್ಲು, ಮುಳ್ಳು ಸಿಗ್ಲಿಲ್ಲ. ಮುಳ್ಳಲ್ಲ ಅಂತ ಗೊತ್ತಾದ ಮೇಲೂ ಸಂಕ್ರಾಂತಿ ಆಗ್ಲಿ ಅಂತ ಬಿಟ್ವಲ್ಲ, ಅಷ್ಟರ ಮಟ್ಟಿಗೆ ತಪ್ಪು ನಮ್ದು. ಅದನ್ನ ಯಾರ ತಲೆಗೂ ಕಟ್ಟಲ್ಲ.

ಸಂಕ್ರಾಂತಿ ಮುಗಿಸ್ಕೊಂಡು ಪೇಟೇಲಿ ಒಂದು ನರ್ಸಿಂಗ್ ಹೋಮ್‌ಗೆ ಕರ್ಕೊಂಡು ಹೋದೆ. ಹೆಸರು ಬರೆಯಲ್ಲ. ಡಾಕ್ಟರು ಟೇಬಲ್ ಆಚೆಯಿಂದ್ಲೇ ಬಗ್ಗಿ ನೋಡಿ ಆಣಿ ಅಂದ್ರು, ಕಾರ್ನ್ ಕ್ಯಾಪ್ ಅನ್ನೋ ಔಷಧಿ ಪಟ್ಟಿ ಬರ್ಕೊಟ್ರು. ಮೂರು ಮೂರು ದಿನಕ್ಕೆ ಬದಲಾಯಿಸಿ ಎರಡು ತಿಂಗಳು ಅಂಟಿಸಿದ್ವಿ. ಆಣಿ ಆಗಿದ್ರೆ ಬಿಳಿ ಆಗಿ ಮೆತ್ತಗಾಗಿ ಎದ್ದು ಬರುತ್ತೆ, ಇದು ಅಂಚಿಗೆ ಇನ್ನೂ ಕಪ್ಪಾಗ್ತಾ ಹೋಯ್ತು, ಒಂದು ಕಡೆ ಕಡುಗಪ್ಪು ಇನ್ನೊಂದು ಕಡೆ ಕಂದು, ಮಸಿ ಚೆಲ್ಲಿ ಒರೆಸಿದ ಹಾಗೆ ಅಂಕುಡೊಂಕು. ಯುಗಾದಿ ಹತ್ರ ಮತ್ತೆ ಹೋದಾಗ ಚಿಕ್ಕ ಆಪರೇಷನ್ ಮಾಡೋ ಮೈನರ್ ಓಟಿ ಟೇಬಲ್ ಮೇಲೆ ಮಲಗ್ಸಿ, ಇಂಜೆಕ್ಷನ್ ಕೊಟ್ಟು, ಬ್ಲೇಡಲ್ಲಿ ಕೆತ್ತಿ ತೆಗೆದ್ರು. ನಾನು ಅವ್ವನ ಕೈ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ತೆಗೆದಿದ್ದು ಹೆಚ್ಚು ಕಮ್ಮಿ ಹುಣಸೆ ಬೀಜದಷ್ಟಿತ್ತು, ಸ್ಟೀಲ್ ಟ್ರೇಗೆ ಬಿತ್ತು, ಸಿಸ್ಟರು ಹತ್ತಿ ಜೊತೆ ಸೇರ್ಸಿ ಹಳದಿ ಕವರ್‌ಗೆ ಹಾಕಿದ್ರು. ಆ ಟ್ರೇ ಸದ್ದು ನಂಗೆ ಈಗ್ಲೂ ನೆನಪಿದೆ. ಆವತ್ತು ಮಾತ್ರ ಅದು ಏನೂ ಅನ್ನಿಸ್ಲಿಲ್ಲ, ಪೀಡೆ ತೊಲಗ್ತು ಅಂತ ಅವ್ವನಿಗೆ ಟೀ ಬನ್ ಕೊಡ್ಸಿ ಬಸ್ ಹತ್ತಿಸ್ದೆ.

ಮೂರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು, ಈ ಸಲ ಒಡೆದು ರಸಿಗೆ ಸೋರೋಕೆ ಶುರು. ಶುಗರ್ ಚೆಕ್ ಮಾಡಿದ್ರು, ಸ್ವಲ್ಪ ಜಾಸ್ತಿ ಇತ್ತು, ಅಲ್ಲಿಗೆ ಕಥೆ ಮುಗೀತು ನೋಡಿ, ಅವತ್ತಿಂದ ಅದು ಶುಗರ್ ಗಾಯ. ಶುಗರ್ ಅಂತ ಒಂದ್ಸಲ ಚೀಟಿ ಮೇಲೆ ಬಿದ್ರೆ ಸಾಕು, ಆಮೇಲೆ ನೋಡೋ ಯಾವ ಡಾಕ್ಟ್ರೂ ಗಾಯ ನೋಡಲ್ಲ, ಚೀಟೀಲಿರೋ ಆ ಪದ ನೋಡ್ತಾರೆ. ಆಗಸ್ಟಲ್ಲಿ ಇನ್ನೊಂದ್ಸಲ ಕೆತ್ತಿದ್ರು, ಕೊಳೆತ ಮಾಂಸ ತೆಗೀಬೇಕು ಅಂತ. ಮತ್ತೆ ಟ್ರೇ, ಮತ್ತೆ ಹಳದಿ ಕವರ್. ಐದು ತಿಂಗಳು ದಿನ ಬಿಟ್ಟು ದಿನ ಡ್ರೆಸ್ಸಿಂಗು, ಒಂದು ಡ್ರೆಸ್ಸಿಂಗ್‌ಗೆ 150 ರೂಪಾಯಿ, ಬಸ್ ಚಾರ್ಜ್ ಬೇರೆ, ಆ್ಯಂಟಿಬಯಾಟಿಕ್ ಮೂರು ಸಲ ಬದಲಾಯಿಸಿದ್ರು. 2023 ಜನವರೀಲಿ ತೊಡೆಸಂದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಕಾಲಲ್ಲಿ ಗಾಯ ಇದ್ರೆ ಸಂದಲ್ಲಿ ಗಂಟು ಬರೋದು ಕಾಮನ್ನಮ್ಮಾ, ಗಾಯ ವಾಸಿ ಆದ್ರೆ ತಾನೇ ಕರಗುತ್ತೆ ಅಂದ್ರು. ನಮ್ಮ ಊರಲ್ಲೂ ಹಾಗೇ ಅಂತಾರೆ, ಅದಕ್ಕೆ ನಾವೂ ನಂಬಿದ್ವಿ.

ಕೊನೆಗೆ ಮಾರ್ಚಲ್ಲಿ ಚಿಕ್ಕವ್ವ ಗಲಾಟೆ ಮಾಡಿ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆ ಸ್ಕಿನ್ ಓಪಿಗೆ ಎಳ್ಕೊಂಡು ಹೋದ್ಲು. ಅಲ್ಲಿ ಒಬ್ಬ ಪಿಜಿ ಓದೋ ಹುಡುಗಿ, ನನ್ನ ತಂಗಿಗಿಂತ ಚಿಕ್ಕವಳಿರಬೇಕು, ಸ್ಟೂಲ್ ಎಳ್ಕೊಂಡು ಅವ್ವನ ಕಾಲು ತನ್ನ ಮಂಡಿ ಮೇಲೇ ಇಟ್ಕೊಂಡು, ಹುಣ್ಣಿನ ಸುತ್ತ ಇರೋ ಕಪ್ಪನ್ನ ಲೈಟಿರೋ ಭೂತಗನ್ನಡಿ ಥರದ್ದು ಒತ್ತಿ ಒತ್ತಿ ನೋಡಿದ್ಲು. ಅದು ಡರ್ಮೋಸ್ಕೋಪ್ ಅಂತ ಆಮೇಲೆ ಗೊತ್ತಾಯ್ತು. ತಲೆ ಎತ್ತಿ ನನ್ನ ಕೇಳಿದ್ದು ಒಂದೇ ಪ್ರಶ್ನೆ, "ಅಣ್ಣಾ, ಎರಡು ಸಲ ತೆಗೆದಿದ್ರು ಅಂದ್ರಲ್ಲ, ಬಯಾಪ್ಸಿ ರಿಪೋರ್ಟ್ ಎಲ್ಲಿ?"

ಬಯಾಪ್ಸಿ ಅಂದ್ರೆ ತೆಗೆದ ತುಂಡನ್ನ ಲ್ಯಾಬಲ್ಲಿ ಪರೀಕ್ಷೆ ಮಾಡೋದು. ನಾನು ಫೈಲೆಲ್ಲ ಹುಡುಕ್ದೆ. ಶುಗರ್ ರಿಪೋರ್ಟ್ ಆರು ಇತ್ತು.

ಅವರು ತುಂಡು ತೆಗೆದು ಲ್ಯಾಬ್‌ಗೆ ಕಳಿಸಿದ್ರು, ಹತ್ತು ದಿನಕ್ಕೆ ರಿಪೋರ್ಟ್ ಬಂತು, ಎಲ್ಲ ಇಂಗ್ಲಿಷು. ಆ ಡಾಕ್ಟರಮ್ಮನೇ ಕೂರಿಸ್ಕೊಂಡು ಹೇಳಿದ್ಲು. ಮೆಲನೋಮಾ ಅಂತ, ಚರ್ಮಕ್ಕೆ ಬಣ್ಣ ಕೊಡೋ ಕಣಗಳಿಗೆ ಬರೋ ಕ್ಯಾನ್ಸರ್ರು. ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಬರೋ ಜಾತಿಗೆ ಏಕ್ರಲ್ ಅಂತಾರಂತೆ. ಅದು ಚರ್ಮದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅಂತ ಮಿಲಿಮೀಟರಲ್ಲಿ ಅಳೀತಾರೆ, ಬ್ರೆಸ್ಲೋ ಅನ್ನೋ ಡಾಕ್ಟರು 1970ರಲ್ಲಿ ಮಾಡಿದ ಲೆಕ್ಕ ಅದು, ಒಂದು ಮಿಲಿಮೀಟರ್ ಒಳಗಿದ್ರೆ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿದ್ರೆ ಬಹುತೇಕರು ಉಳ್ಕೋತಾರೆ. ನಮ್ಮವ್ವಂದು 6 ಮಿಲಿಮೀಟರ್, ಮೇಲೆ ಹುಣ್ಣಾಗಿದೆ, ತೊಡೆಸಂದಿಗೆ ಬಂದಾಗಿದೆ. ಬ್ಲೇಡಲ್ಲಿ ಮೇಲಿಂದ ಮೇಲೆ ಕೆತ್ತೋದು ಇದರಲ್ಲಿ ಮಾಡಬಾರದ ಕೆಲಸ ಅಂತೆ, ಯಾಕಂದ್ರೆ ಬೇರು ಒಳಗೇ ಉಳಿಯುತ್ತೆ, ಎಷ್ಟು ಆಳ ಇತ್ತು ಅನ್ನೋ ಲೆಕ್ಕಾನೂ ತಪ್ಪಿ ಹೋಗುತ್ತೆ.

ಸುಮ್ನೆ ಕೂತಿರೋಕಾಗ್ದೆ ನಾನು ಕೇಳ್ದೆ, ನಾವು ಕಪ್ಪು ಜನ, ಸ್ಕಿನ್ ಕ್ಯಾನ್ಸರ್ ಬಿಳಿಯೋರಿಗೆ ಬಿಸಿಲಿಗೆ ಬರೋದಲ್ವಾ ಅಂತ. ಬಿಸಿಲಿಂದ ಬರೋದು ಬಿಳಿಯರಿಗೆ ಜಾಸ್ತಿ ನಿಜ, ಆದ್ರೆ ಅಂಗಾಲಿಗೆ ಯಾವ ಬಿಸಿಲು ಬೀಳುತ್ತೆ ಅಣ್ಣಾ ಅಂದ್ಲು. ನಮ್ಮಂಥೋರಿಗೆ ಮೆಲನೋಮಾ ಬರೋದೇ ಕಮ್ಮಿ, ಬಂದ್ರೆ ಜಾಸ್ತಿ ಬರೋದು ಅಂಗಾಲಲ್ಲಿ ಉಗುರಲ್ಲಿ. ನಮ್ಮೂರ ಹುಡುಗ್ರು ಉದ್ದ ಜಡೆ ಗಾಯಕ ಒಬ್ಬನ ಫೋಟೋ ಇರೋ ಟೀಶರ್ಟ್ ಹಾಕ್ಕೊಂಡು ತಿರುಗ್ತಾರಲ್ಲ, ಬಾಬ್ ಮಾರ್ಲಿ, ಆತನಿಗೂ ಇದೇ, ಕಾಲ್ಬೆರಳಿನ ಉಗುರು ಕೆಳಗೆ. ಫುಟ್ಬಾಲ್ ಆಡೋವಾಗ ಆದ ಏಟು ಅಂತ ಮೊದಲು ಅಂದ್ಕೊಂಡಿದ್ರಂತೆ. 1981ರಲ್ಲಿ ತೀರ್ಕೊಂಡಾಗ 36 ವರ್ಷ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ಗಾದೆ ಮಾಡಿದೋರು ಅಂಗಾಲ ಬಗ್ಗೆ ಏನೂ ಹೇಳಿಲ್ಲ. ಅಂಗಾಲ ಹುಣ್ಣಿಗೆ ಕನ್ನಡಿ ಬೇಕೇ ಬೇಕು, ಇಲ್ಲಾಂದ್ರೆ ಇನ್ನೊಬ್ಬರ ಕಣ್ಣು ಬೇಕು. ಆ ಕಣ್ಣಿಗೆ ಅಂತಾನೇ ನಾವು ದುಡ್ಡು ಕೊಟ್ಟು ಹೋಗಿದ್ದು.

ಆಮೇಲಿಂದು ಬೇಗ ಹೇಳಿ ಮುಗಿಸ್ತೀನಿ. ಏಪ್ರಿಲಲ್ಲಿ ಹಿಮ್ಮಡಿ ಮಾಂಸ ಅಗಲಕ್ಕೆ ತೆಗೆದು ತೊಡೆ ಚರ್ಮ ತಂದು ಹಚ್ಚಿದ್ರು, ತೊಡೆಸಂದಿನ ಗಂಟುಗಳನ್ನ ತೆಗೆದ್ರು, ಆ ಕಾಲು ಆಮೇಲೆ ಯಾವಾಗ್ಲೂ ಊದ್ಕೊಂಡೇ ಇರ್ತಿತ್ತು. ಆಯುಷ್ಮಾನ್ ಕಾರ್ಡಲ್ಲಿ ಆಪರೇಷನ್ ಆಯ್ತು, ಅದಕ್ಕೆ ಸರ್ಕಾರಕ್ಕೆ ಕೈ ಮುಗೀತೀನಿ, ನಿಜವಾಗ್ಲೂ. ದೀಪಾವಳಿ ಹೊತ್ತಿಗೆ ಶ್ವಾಸಕೋಶಕ್ಕೆ ಬಂದಿತ್ತು. ಮೈಯ ರೋಗನಿರೋಧಕ ಶಕ್ತಿಯಿಂದ್ಲೇ ಕ್ಯಾನ್ಸರ್ ಎದುರಿಸೋ ಹಾಗೆ ಮಾಡೋ ಇಮ್ಯುನೋಥೆರಪಿ ಅಂತ ಇದೆ, ಕೆಲವರಿಗೆ ಚೆನ್ನಾಗಿ ಹಿಡಿಯುತ್ತೆ ಅಂದ್ರು, ಲೆಕ್ಕ ಲಕ್ಷಗಳಲ್ಲಿ ಹೋಯ್ತು, ಎರಡು ಹಸು ಮಾರಿ ಒಂದು ಡೋಸ್ ಹಾಕ್ಸಿದ್ವಿ, ಎರಡನೇದು ಆಗ್ಲಿಲ್ಲ. 2024ರ ಫೆಬ್ರವರೀಲಿ ಅವ್ವ ಹೋದ್ಲು.

ಈಗ ಕಾನೂನು ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಎಲ್ರೂ ಕೇಳೋದು ಕೇಸ್ ಯಾಕೆ ಹಾಕ್ಲಿಲ್ಲ ಅಂತ. ಹಾಕೋಕೆ ಹೊರಟೆ. 1995ರಲ್ಲೇ ಸುಪ್ರೀಂ ಕೋರ್ಟು ದುಡ್ಡು ತಗೊಂಡು ಕೊಡೋ ಚಿಕಿತ್ಸೆ ಗ್ರಾಹಕ ಕಾಯ್ದೆ ಒಳಗೆ ಬರುತ್ತೆ ಅಂತ ಹೇಳಿದೆ, ಜಿಲ್ಲಾ ಗ್ರಾಹಕರ ಆಯೋಗದಲ್ಲಿ ವಕೀಲರಿಲ್ದೆ ನಾವೇ ಹೋಗಿ ನಿಲ್ಲಬಹುದು, ಎರಡು ವರ್ಷದೊಳಗೆ ಹಾಕ್ಬೇಕು, ಇಷ್ಟೂ ತಿಳ್ಕೊಂಡೆ. ನಮ್ಮ ಪೇಟೆ ವಕೀಲರು ಒಳ್ಳೇರು, ಫೀಸ್ ಕೂಡ ಕೇಳ್ಲಿಲ್ಲ. ಅವರು ಹೇಳಿದ್ದು ಹೀಗೆ. ಡಾಕ್ಟರು ಅಂದಾಜು ತಪ್ಪಿದ್ರು ಅನ್ನೋದೊಂದೇ ನಿರ್ಲಕ್ಷ್ಯ ಆಗಲ್ಲ, ಆ ಜಾಗದಲ್ಲಿ ಸಾಮಾನ್ಯ ತಿಳುವಳಿಕೆ ಇರೋ ಬೇರೆ ಡಾಕ್ಟರಿದ್ರೆ ಏನು ಮಾಡ್ತಿದ್ರೋ ಅದನ್ನ ಇವರು ಮಾಡ್ಲಿಲ್ಲ ಅಂತ ತೋರಿಸ್ಬೇಕು. ತಜ್ಞರ ಅಭಿಪ್ರಾಯ ಇದ್ರೆ ಗಟ್ಟಿ. ಪ್ರತಿ ಕೇಸಲ್ಲೂ ತಜ್ಞರು ಬೇಕೇ ಬೇಕು ಅಂತೇನಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಹೈದರಾಬಾದಲ್ಲಿ ಆಸ್ಪತ್ರೆ ಮಲೇರಿಯಾಗೆ ಟೈಫಾಯ್ಡ್ ಔಷಧಿ ಕೊಟ್ಟಿದ್ರಿಂದ ಹೆಂಡತಿ ಕಳ್ಕೊಂಡೋರ ಕೇಸದು, ಜಿಲ್ಲಾ ಫೋರಂ ಕೊಟ್ಟಿದ್ದ 2 ಲಕ್ಷ ಪರಿಹಾರ ಉಳೀತು. ಆದ್ರೆ ಅವರ ಹತ್ರ ಕಾಗದ ಇತ್ತು ಕಣಪ್ಪಾ, ನಿನ್ನ ಹತ್ರ ಏನಿದೆ ಅಂದ್ರು.

ನನ್ನ ಹತ್ರ ಏನಿತ್ತು ಅಂದ್ರೆ ನಾಲ್ಕು ಓಪಿ ಚೀಟಿ. ಒಂದರಲ್ಲಿ "ಕಾರ್ನ್" ಅಂತಿದೆ, ಇನ್ನೊಂದರಲ್ಲಿ ಓದೋಕಾಗಲ್ಲ. ನರ್ಸಿಂಗ್ ಹೋಮ್‌ಗೆ ಹೋಗಿ ದಾಖಲೆ ಕೇಳ್ದೆ, ಕೇಳಿದ 72 ಗಂಟೇಲಿ ದಾಖಲೆ ಕೊಡ್ಬೇಕು ಅಂತ 2002ರ ವೈದ್ಯರ ನಡತೆ ನಿಯಮದಲ್ಲಿದೆ. ರಿಸೆಪ್ಷನ್ ಹುಡುಗ ನಕ್ಕ. ಅವನು ನಕ್ಕಿದ್ದೂ ಸರಿ ಇತ್ತು ಅನ್ನೋದೇ ನನ್ನ ಹೊಟ್ಟೆ ಉರಿ, ಯಾಕಂದ್ರೆ ಅದೇ ನಿಯಮದಲ್ಲಿ ಮೂರು ವರ್ಷ ಜೋಪಾನ ಮಾಡ್ಬೇಕು ಅಂತಿರೋದು ಅಡ್ಮಿಟ್ ಆದ ರೋಗಿಗಳ ದಾಖಲೇನ ಮಾತ್ರ. ಅವ್ವ ಅಡ್ಮಿಟ್ ಆಗಿರ್ಲಿಲ್ಲ. ಬೆಳಗ್ಗೆ ಹೋಗಿ ಮಧ್ಯಾಹ್ನ ಬಂದಿದ್ಲು. ಎರಡು ಸಲ ಕಾಲು ಕೆತ್ತಿದ್ದಕ್ಕೆ ಅಲ್ಲಿ ಒಂದು ಸಾಲಿನ ದಾಖಲೆ ಇಲ್ಲ. ಇನ್ನೊಂದು ತಮಾಷೆ ಕೇಳಿ, ಆಸ್ಪತ್ರೆ ಕಸಕ್ಕೆ 2016ರಲ್ಲಿ ರೂಲ್ಸ್ ಬಂದಿದೆ, ಮನುಷ್ಯರ ಮಾಂಸ ಹಳದಿ ಚೀಲಕ್ಕೇ ಹೋಗ್ಬೇಕು, ಚೀಲಕ್ಕೆ ಬಾರ್‌ಕೋಡ್ ಇರಬೇಕು. ಅಂದ್ರೆ ಎಸೆಯೋ ಚೀಲಕ್ಕೆ ಲೆಕ್ಕ ಇದೆ, ಆ ಚೀಲದೊಳಗೆ ಏನು ಹೋಯ್ತು ಅನ್ನೋದಕ್ಕಿಲ್ಲ. ಕಾಗದ ಹುಡುಕ್ತಾ ಹುಡುಕ್ತಾ ಎರಡು ವರ್ಷ ದಾಟೋಯ್ತು, ಅದಕ್ಕೇ ಕೇಸಿನ ಬದಲು ಈ ಪತ್ರ.

ಆ ಡಾಕ್ಟ್ರ ಮೇಲೆ ನಂಗೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅವರು ದಿನಕ್ಕೆ ನೂರು ಜನರನ್ನ ನೋಡ್ತಾರೆ, ನಮ್ಮ ಕಡೆ ಕಾಲಲ್ಲಿ ನೂರು ಕಪ್ಪು ಕಲೆ ಇದ್ರೆ ಮುಳ್ಳು, ಆಣಿ, ರಕ್ತ ಹೆಪ್ಪುಗಟ್ಟಿದ್ದು, ಹುಟ್ಟು ಮಚ್ಚೆ, ಇವೇ ಇರೋದು ಅಂತ ನಂಗೂ ಗೊತ್ತು. ಮೊದಲ ದಿನ ಆಣಿ ಅಂದಿದ್ದನ್ನ ನಾನು ಮನ್ನಿಸ್ತೀನಿ. ಬ್ಲೇಡ್ ಕೈಗೆ ತಗೊಂಡ ದಿನದ್ದನ್ನ ಮನ್ನಿಸೋಕಾಗಲ್ಲ. ನೋಡಿ ಹೇಳೋದು ಅಂದಾಜು, ಅದು ತಪ್ಪಬಹುದು. ಮಾಂಸ ಟ್ರೇಗೆ ಬಿದ್ದ ಮೇಲೆ ಅಂದಾಜಿನ ಕೆಲಸ ಮುಗೀತು, ಇನ್ನು ಲ್ಯಾಬ್ ಹೇಳ್ಬೇಕು.

ಲ್ಯಾಬ್ ಖರ್ಚೇನು ಅಂತ ತುಮಕೂರಲ್ಲಿ ಕೇಳ್ದೆ, 800 ರೂಪಾಯಿ ಅಂದ್ರು. ನಾವು ಡ್ರೆಸ್ಸಿಂಗ್‌ಗೆ ಸುರಿದಿದ್ದು ಹತ್ತು ಸಾವಿರ ದಾಟಿತ್ತು. ಹಾಲು ತಡ ಆದ್ರೆ ಒಡೆಯುತ್ತೆ, ತಣ್ಣಗಿಡೋಕೆ ಬಿಎಂಸಿ ಕೂಲರ್ ಬೇಕು, ಕರೆಂಟ್ ಹೋದ್ರೆ ನನ್ನ ಜೀವ ಬಾಯಿಗೆ ಬರುತ್ತೆ. ಮಾಂಸ ಕೆಡದ ಹಾಗೆ ಇಡೋ ಫಾರ್ಮಲಿನ್ ದ್ರಾವಣಕ್ಕೆ ಹಾಕಿದ ಚರ್ಮದ ತುಂಡು ಹಾಗಲ್ಲ, ಫ್ರಿಜ್ ಬೇಡ ಐಸ್ ಬೇಡ, ತುಂಡಿಗಿಂತ ಹತ್ತು ಪಟ್ಟು ಫಾರ್ಮಲಿನ್ ಹಾಕಿ ಮುಚ್ಚಳ ಬಿಗಿ ಮಾಡಿದ್ರೆ ಎರಡು ದಿನ ಬಿಟ್ಟು ಲ್ಯಾಬ್ ಸೇರಿದ್ರೂ ಏನಾಗಲ್ಲ. ನಮ್ಮ ಹಾಲಿನ ವ್ಯಾನ್ ದಿನಾ ಜಿಲ್ಲಾ ಕೇಂದ್ರಕ್ಕೆ ಹೋಗುತ್ತೆ, ಬೇಕಾದ್ರೆ ನಾನೇ ಕಳಿಸ್ಕೊಡ್ತೀನಿ.

ಹಾಗಾಗಿ ನಿಮ್ಮನ್ನ ಕೇಳೋದು ಇಷ್ಟೇ. ಸರ್ಕಾರಿ ಆಗ್ಲಿ ಪ್ರೈವೇಟ್ ಆಗ್ಲಿ, ಮೈನರ್ ಓಟೀಲಿ ಯಾರ ಮೈಯಿಂದ ಏನೇ ಕತ್ತರಿಸಿ ತೆಗೆದ್ರೂ ಒಂದು ರಿಜಿಸ್ಟರಲ್ಲಿ ಬರೀಬೇಕು, ತುಂಡು ಲ್ಯಾಬ್‌ಗೆ ಹೋಯ್ತಾ ಇಲ್ವಾ, ಹೋಗಿಲ್ಲ ಅಂದ್ರೆ ಯಾಕೆ ಅಂತ ಡಾಕ್ಟರು ಕಾರಣ ಬರೆದು ಸೈನ್ ಹಾಕ್ಬೇಕು, ಅದರ ನಕಲು ರೋಗಿ ಕೈಗೆ ಕೊಡ್ಬೇಕು. ಎಲ್ಲ ತುಂಡೂ ಲ್ಯಾಬ್‌ಗೇ ಹೋಗ್ಲಿ ಅಂತ ನಾನು ಹಠ ಮಾಡ್ತಿಲ್ಲ, ಕುರು ಒಡೆದ ಕೀವು, ಉಗುರು ಚೂರು ಎಲ್ಲ ಕಳಿಸಿದ್ರೆ ಲ್ಯಾಬಿನೋರು ಓಡಿ ಹೋಗ್ತಾರೆ. ಕಪ್ಪಗಿರೋದು, ತಿರುಗಿ ಬಂದಿದ್ದು, ಆರು ವಾರಕ್ಕೂ ವಾಸಿ ಆಗದ ಹುಣ್ಣಿನ ಅಂಚು, ಹಳೇ ಸುಟ್ಟ ಗಾಯದ ಕಲೆ ಮೇಲೆ ಎದ್ದ ಹುಣ್ಣು, ಇವಿಷ್ಟಾದ್ರೂ ಹೋಗ್ಲೇಬೇಕು. ಪ್ರೈವೇಟ್ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆ ನಿಮ್ಮ ಕೈಯಲ್ಲೇ ಇದೆ, 2017ರ ತಿದ್ದುಪಡೀಲಿ ರೋಗಿಗಳ ಹಕ್ಕುಪಟ್ಟಿ ಸೇರಿಸಿದೀರಿ, ಜಿಲ್ಲಾಧಿಕಾರಿ ಅಧ್ಯಕ್ಷತೇಲಿ ದೂರು ಕೇಳೋ ಪ್ರಾಧಿಕಾರಾನೂ ಇದೆ. ಕಾಯ್ದೆ ಹೊಸದಾಗಿ ಮಾಡೋದೇನೂ ಬೇಕಿಲ್ಲ, ಒಂದು ಕಾಲಂ ಸೇರ್ಸಿ ಸುತ್ತೋಲೆ ಹೊರಡಿಸಿದ್ರೆ ಸಾಕು ಅಂತ ವಕೀಲರು ಅಂದ್ರು.

ಸುಟ್ಟ ಕಲೆ ಅಂದೆ, ಅದು ಸುಮ್ನೆ ಅಂದಿದ್ದಲ್ಲ. ಕಾಶ್ಮೀರದಲ್ಲಿ ಚಳಿಗೆ ಕೆಂಡದ ಕುಡಿಕೆ ಹೊಟ್ಟೆಗೆ ಒತ್ಕೊಂಡು ಕೂತೋರಿಗೆ ಅದೇ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಬರೋದು ಹಳೇ ವಿಷ್ಯ, ಅದಕ್ಕೆ ಕಾಂಗ್ರಿ ಕ್ಯಾನ್ಸರ್ ಅಂತಾನೇ ಹೆಸರು. ಸೀರೆ ಉಡೋ ಹೆಂಗಸ್ರಿಗೆ ಲಂಗದ ಲಾಡಿ ಬಿಗಿಯಾಗಿ ಕಟ್ಟೋ ಸೊಂಟದ ಜಾಗದಲ್ಲಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಹುಣ್ಣಾಗಿ ಕ್ಯಾನ್ಸರ್ ಆಗಿರೋದನ್ನೂ ನಮ್ಮ ದೇಶದ ಡಾಕ್ಟ್ರುಗಳೇ ಬರೆದಿದಾರೆ. ಅಪರೂಪ ನಿಜ. ಆದ್ರೆ ಮಹಾರಾಷ್ಟ್ರ, ಬಿಹಾರದ ಅಂಥ ಇಬ್ಬರು ಅಜ್ಜಿಯರದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಂದಾಗ ನಂಗೆ ಕಂಡಿದ್ದು, ಇಬ್ಬರೂ ಒಂದೂವರೆ ಎರಡು ವರ್ಷ ಹುಣ್ಣು ಹೊತ್ಕೊಂಡು ತಿರುಗಿದ್ರು ಅನ್ನೋದು.

ಇನ್ನೊಂದು ಸಣ್ಣ ಕೋರಿಕೆ, ಇದಕ್ಕೆ ಹೆಚ್ಚು ಖರ್ಚಿಲ್ಲ. ನಮ್ಮೂರ ಆಶಾ ಅಕ್ಕ ಮನೆ ಮನೆಗೆ ಬಂದು ಮೂವತ್ತು ದಾಟಿದೋರ ಫಾರಂ ತುಂಬ್ತಾಳೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗೆ ಪ್ರಶ್ನೆ ಇದಾವೆ, ಒಳ್ಳೇದೇ, ಅವು ಜಾಸ್ತಿ ಜನಕ್ಕೆ ಬರೋವು. ಅದೇ ಫಾರಂನಲ್ಲಿ ಕುಷ್ಠರೋಗಕ್ಕೆ ಅಂತ ಅಂಗೈ ಅಂಗಾಲಲ್ಲಿ ಪದೇ ಪದೇ ಹುಣ್ಣಾಗುತ್ತಾ ಅನ್ನೋ ಪ್ರಶ್ನೆ ಆಗ್ಲೇ ಇದೆ. ಅಂದ್ರೆ ಸರ್ಕಾರ ಈಗಾಗ್ಲೇ ಒಬ್ಬ ಹೆಣ್ಣುಮಗಳನ್ನ ಅಂಗಾಲ ಬಗ್ಗೆ ಕೇಳು ಅಂತ ನಮ್ಮ ಬಾಗಿಲಿಗೆ ಕಳಿಸ್ತಿದೆ. ಅಲ್ಲೇ ಇನ್ನೊಂದು ಸಾಲು ಸೇರ್ಸಿ, ಅಂಗಾಲಲ್ಲಿ ಅಥವಾ ಉಗುರಲ್ಲಿ ಹೊಸದಾಗಿ ಬಂದ, ದೊಡ್ಡದಾಗ್ತಿರೋ ಕಪ್ಪು ಇದೆಯಾ ಅಂತ. ಆಕೆಗೆ ಎರಡು ಫೋಟೋ ಕೊಡಿ, ಒಂದು ಆಣಿದು, ಒಂದು ಇದರದು. ಹೌದು, ಆಶಾಗಳಿಗೆ ಆಗ್ಲೇ ಕೆಲಸ ಜಾಸ್ತಿ, ಗೌರವಧನ ಸಾಲದು ಅಂತ ಫ್ರೀಡಂ ಪಾರ್ಕಲ್ಲಿ ಕೂತಿದ್ದನ್ನ ಟೀವೀಲಿ ನಾನೂ ನೋಡಿದೀನಿ. ಅದನ್ನೂ ಸೇರ್ಸಿ ನೋಡಿ.

ಓದ್ತಿರೋ ಡಾಕ್ಟ್ರಿಗೆ ಒಂದು ಮಾತು. ಸುತ್ತೋಲೆ ಬರೋವರೆಗೆ ಕಾಯೋದೇನೂ ಬೇಡ. ಟೇಬಲ್ ಕೆಳಗೆ ಹತ್ತು ಬಾಟ್ಲಿ ಇಟ್ಕೊಳ್ಳಿ. ರೋಗಿ ದುಡ್ಡಿಲ್ಲ ಲ್ಯಾಬ್ ಬೇಡ ಅಂದ್ರೆ ಅದನ್ನೂ ಬರೆದು ಸೈನ್ ತಗೊಳ್ಳಿ, ನಿಮಗೂ ರಕ್ಷಣೆ. ನನ್ನ ಕೇಳಿದ್ರೆ ಆವತ್ತು 800 ಕೊಡ್ತಿದ್ದೆ. ಯಾರೂ ಕೇಳ್ಲಿಲ್ಲ.

ಅವ್ವನ ನಾಲ್ಕು ಓಪಿ ಚೀಟಿ, ಬೆಂಗಳೂರಿನ ಬಯಾಪ್ಸಿ ರಿಪೋರ್ಟ್, ನರ್ಸಿಂಗ್ ಹೋಮ್‌ಗೆ ಕೊಟ್ಟ ಅರ್ಜಿ, ಮೂರರ ಜೆರಾಕ್ಸೂ ಪೋಸ್ಟಲ್ಲಿ ಬೇರೆ ಕಳಿಸಿದೀನಿ. ಉತ್ತರ ಬರೆಯೋದಾದ್ರೆ ಕನ್ನಡದಲ್ಲಿ ಬರೀರಿ. ನಂಗಿಂತ ಮೊದಲು ಚಿಕ್ಕವ್ವ ಒಡೆದು ಓದ್ತಾಳೆ, ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ನಾನು ಡೇರಿ ಲೆಕ್ಕದಲ್ಲಿರ್ತೀನಿ.

ಇಂತಿ,
ಒಬ್ಬ ಹಾಲಿನ ಡೇರಿ ಸೆಕ್ರೆಟರಿ
ತುಮಕೂರು ಜಿಲ್ಲೆ